ದೇವರ ಕರೆ, ಮಡದಿಯ ಒಪ್ಪಿಗೆ

ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವ ದಾರಿಯಲ್ಲಿ, ಹಂಪೆಯ ಹಾಳುಕೋಟೆಯ ನಡುವೆ, ಗಾಣಿಗಿತ್ತಿ ಬಸದಿಯಿದೆ. ಜನರ ಬಾಯಲ್ಲಿ ಅದು ಗಾಣಿಗಿತ್ತಿಯ ಗುಡಿಯಾದರೂ ಕಟ್ಟಿಸಿದವನು ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪ, ವರ್ಷ 1385, ಕುಂಥುನಾಥ ಜಿನನಿಗಾಗಿ ಎತ್ತಿಸಿದ ಶಿಲಾಮಯ ಚೈತ್ಯಾಲಯ. ಎದುರಿನ ಕಂಬದಲ್ಲಿರುವ ಸಂಸ್ಕೃತ ಶಾಸನ ಅರಸನನ್ನು ಹೊಗಳುವ ಮೊದಲು ಗುರುಪರಂಪರೆಯನ್ನು ಹೇಳುತ್ತದೆ. ಮೂಲಸಂಘ, ನಂದಿಸಂಘ, ಬಲಾತ್ಕಾರಗಣ ಎಂದು ಆರಂಭವಾಗಿ ಆಚಾರ್ಯರ ಹೆಸರುಗಳು ಒಂದಾದ ಮೇಲೊಂದು ಬಂದು ಸಿಂಹನಂದಿಯನ್ನು ಮುಟ್ಟುತ್ತವೆ. ಧರ್ಮದಲ್ಲಿ ತನ್ನ ನೆಲೆ ಯಾವುದೆಂದು ಹೇಳಬೇಕಾದಾಗ ಇರುಗಪ್ಪ ತನ್ನ ಗುರು ಯಾರೆಂದು ಹೇಳುತ್ತಾನೆ. ದೇವರು ತನ್ನನ್ನು ಹೆಸರು ಹಿಡಿದು ಕರೆದನೆಂಬ ಮಾತಿಗೆ ಆ ಶಾಸನದಲ್ಲಿ ಎಡೆಯಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಜಿನನು ಯಾರನ್ನೂ ಕರೆಯುವವನಲ್ಲ.

ನಾಲ್ಕು ಶತಮಾನಗಳಿಗೂ ಮಿಕ್ಕು ಕಾಲ ಕಳೆದ ಮೇಲೆ ಇದೇ ಹಾಳೂರಿನ ಜಾತ್ರೆಗೆ ಬಳ್ಳಾರಿಯಿಂದ ಬೇರೊಂದು ಬಗೆಯ ಜನ ಬರತೊಡಗಿದರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದವರು. ಅವರೂ ಅವರ ಜೊತೆಗಾರರೂ ಹಂಪೆಯ ಜಾತ್ರೆಯಲ್ಲಿ ನಿಂತು ಉಪದೇಶ ಮಾಡಿದರು, ಅಚ್ಚಾದ ಕಿರುಹೊತ್ತಗೆಗಳನ್ನು ಹಂಚಿದರು. ‘ನಿಮ್ಮನ್ನು ಇಲ್ಲಿಗೆ ಕಳುಹಿಸಿದವರು ಯಾರು?’ ಎಂಬ ಪ್ರಶ್ನೆಗೆ ಅವರಲ್ಲಿ ಎರಡು ಉತ್ತರಗಳಿದ್ದವು. ಒಂದು, ಲಂಡನ್ನಿನ ಸಂಘ. ಇನ್ನೊಂದು, ದೇವರು. ಕ್ರೈಸ್ತ ಜೀವನದಲ್ಲಿ ‘ಕರೆ’ ಎಂಬುದು ಈ ಎರಡು ಉತ್ತರಗಳ ನಡುವೆ ನಿಂತ ಮಾತು. ಹ್ಯಾಂಡ್ಸ್ ಅವರ ವಿಷಯದಲ್ಲಿ ಮೂರನೆಯ ಉತ್ತರವನ್ನೂ ಸೇರಿಸಬಹುದು. ಸಂಘ ಅವರಿಗೆಂದು ಗೊತ್ತುಮಾಡಿದ್ದ ಊರು ಶ್ರೀರಂಗಪಟ್ಟಣ. ಅದು ಕೈಗೂಡದೆ ಅವರು ಬಳ್ಳಾರಿಗೆ ಬಂದರು. 1813ರ ಸನ್ನದಿಗೆ ಮೊದಲು ಮಿಷನರಿಗಳು ಎಲ್ಲಿರಬೇಕು, ಎಲ್ಲಿರಬಾರದು ಎಂಬುದು ಕಂಪನಿ ಸರ್ಕಾರದ ಮರ್ಜಿಗೆ ಬಿಟ್ಟದ್ದಾಗಿತ್ತು. ಬಳ್ಳಾರಿ ಸೀಮೆಯ ಕ್ರೈಸ್ತ ಚರಿತ್ರೆ ಹೀಗೆ ಉದ್ದೇಶಿಸದ ಊರೊಂದರಲ್ಲಿ ಆರಂಭವಾಯಿತು.

ಕರೆಯೆಂಬ ಕಲ್ಪನೆ ಕನ್ನಡಕ್ಕೆ ಬಂದದ್ದು ಜಾತ್ರೆಯ ಉಪದೇಶಕ್ಕಿಂತ ಹೆಚ್ಚಾಗಿ ಅನುವಾದದ ಮೂಲಕ. ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕುಳಿತು ಬೈಬಲ್ಲನ್ನು ಕನ್ನಡಿಸಿದರು. ಹೊಸ ಒಡಂಬಡಿಕೆ 1820ರ ದಶಕದ ಆರಂಭಕ್ಕೂ ಹಳೆಯ ಒಡಂಬಡಿಕೆ 1830ರ ದಶಕದ ಆರಂಭಕ್ಕೂ ಅಚ್ಚಾಗಿ ಹೊರಬಂದವು. ಗ್ರೀಕ್ ಮೂಲದಲ್ಲಿ ಕರೆಯುವುದು ‘ಕಲೆಯೋ’, ಕರೆ ‘ಕ್ಲೇಸಿಸ್’, ಕರೆಯಲ್ಪಟ್ಟವರ ಸಮೂಹ ‘ಎಕ್ಲೇಸಿಯಾ’. ಮೂರೂ ಒಂದೇ ಬೇರಿನ ಮಾತುಗಳು. ಗ್ರೀಕ್ ಬಲ್ಲ ಓದುಗನಿಗೆ ಕ್ರೈಸ್ತ ಸಮುದಾಯವೆಂದರೆ ಹೊರಗೆ ಕರೆಯಲ್ಪಟ್ಟವರು ಎಂಬುದು ಮಾತಿನಲ್ಲಿಯೇ ಕೇಳಿಸುತ್ತದೆ. ಕನ್ನಡದಲ್ಲಿ ಎಕ್ಲೇಸಿಯಾ ‘ಸಭೆ’ಯಾಯಿತು. ಸಭೆ ಒಳ್ಳೆಯ ಮಾತು, ಜೈನ ಪುರಾಣಗಳ ಸಮವಸರಣ ಸಭೆಯ ನೆನಪಿರುವವರಿಗೆ ಇನ್ನೂ ಒಳ್ಳೆಯದು. ಆದರೆ ಸಭೆಯಲ್ಲಿ ಕುಳಿತವರು ಕರೆಸಿಕೊಂಡು ಬಂದವರೋ ತಾವಾಗಿಯೇ ಬಂದವರೋ ಎಂಬುದನ್ನು ಆ ಮಾತು ಹೇಳದು. ಇತ್ತ ‘ಕರೆ’ ಎಂಬ ಮಾತಿಗೂ ಹೊಸಗನ್ನಡದಲ್ಲಿ ಒಂದು ತೊಡಕಿದೆ. ಹಾಲು ಕರೆಯುವುದಕ್ಕೂ ಬಟ್ಟೆಗೆ ಹತ್ತಿದ ಕರೆಗೂ ಹಳಗನ್ನಡದಲ್ಲಿ ಶಕಟರೇಫ. ಕೂಗಿ ಕರೆಯುವುದಕ್ಕೆ ಸಾಮಾನ್ಯ ರೇಫ. ಱಕಾರ ಅಳಿದ ಮೇಲೆ ಎಲ್ಲವೂ ಬರಹದಲ್ಲಿ ಒಂದಾದವು. ಕರೆಗೆ ಉತ್ತರ ಕೊಡುವುದಕ್ಕೆ ಮಾತ್ರ ಕನ್ನಡದಲ್ಲಿ ‘ಓಗೊಡು’ ಎಂಬ ಅಚ್ಚ ಮಾತಿದೆ. ಇಷ್ಟು ಸೊಗಸಾದ ಮಾತು ಎಲ್ಲ ಭಾಷೆಗಳಿಗೂ ದಕ್ಕಿಲ್ಲ.

ಬೈಬಲ್ಲಿನಲ್ಲಿ ಕರೆಯ ಕಥೆಗಳು ಹಲವು. ಅವುಗಳಲ್ಲಿ ಬಾಲಕ ಸಮುವೇಲನ ಕಥೆ ಈ ವಿಷಯಕ್ಕೆ ಬಹಳ ಮುಖ್ಯ. ರಾತ್ರಿ ದೇವಾಲಯದಲ್ಲಿ ಮಲಗಿದ ಹುಡುಗನಿಗೆ ತನ್ನ ಹೆಸರು ಕೇಳಿಸುತ್ತದೆ. ಮುದಿ ಯಾಜಕ ಏಲಿಯೇ ಕರೆದನೆಂದು ಎದ್ದು ಓಡುತ್ತಾನೆ. ತಾನು ಕರೆಯಲಿಲ್ಲವೆಂದು ಏಲಿ ಅವನನ್ನು ಮಲಗಲು ಕಳುಹಿಸುತ್ತಾನೆ. ಹೀಗೆ ಮೂರು ಬಾರಿ. ಮೂರನೆಯ ಬಾರಿಗೆ, ಕರೆಯುತ್ತಿರುವವನು ದೇವರೆಂದು ಹೊಳೆಯುವುದು ಕರೆ ಕೇಳಿದ ಹುಡುಗನಿಗಲ್ಲ. ಏನನ್ನೂ ಕೇಳದ, ಕಣ್ಣು ಮಬ್ಬಾದ ಮುದುಕನಿಗೆ. ಕೇಳಿಸಿದ್ದು ಒಬ್ಬನಿಗೆ, ಅರ್ಥವಾದದ್ದು ಇನ್ನೊಬ್ಬನಿಗೆ. ಕ್ರೈಸ್ತ ಚಿಂತನೆಯಲ್ಲಿ ಒಳಗಿನ ಕರೆ, ಹೊರಗಿನ ಕರೆ ಎಂದು ಮಾಡಿದ ವಿಂಗಡಣೆಯ ಬೀಜ ಇಲ್ಲಿದೆ ಎನ್ನಬಹುದು. ತನ್ನ ಎದೆಯೊಳಗೆ ಕೇಳಿಸಿದ್ದು ದೇವರ ದನಿಯೋ ತನ್ನದೇ ಆಸೆಯ ದನಿಯೋ ಎಂಬುದನ್ನು ಒಬ್ಬನೇ ತೀರ್ಮಾನಿಸುವಂತಿಲ್ಲ. ಹಿರಿಯರು, ಸಭೆ, ಸಂಘ ಅದನ್ನು ಪರೀಕ್ಷಿಸಿ ಒಪ್ಪಬೇಕು.

ಈ ಪರೀಕ್ಷೆಯನ್ನು ಒಂದು ಕಚೇರಿಯ ಕ್ರಮವನ್ನಾಗಿಯೇ ಮಾಡಿದವರು ಬಾಸೆಲ್ ಮಿಷನ್ನಿನವರು. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿ 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯನ್ನು ಸೇರಬಯಸುವ ಯುವಕ ಮೊದಲು ತನ್ನ ಕೈಬರಹದಲ್ಲಿ ತನ್ನ ಬಾಳಿನ ವೃತ್ತಾಂತವನ್ನು ಬರೆದು ಕಳುಹಿಸಬೇಕಾಗಿತ್ತು. ಎಲ್ಲಿ ಹುಟ್ಟಿದೆ, ಯಾವ ಕಸುಬು ಕಲಿತೆ ಎಂಬುದಷ್ಟೇ ಅಲ್ಲ. ಮನಸ್ಸು ಎಂದು ತಿರುಗಿತು, ದೇವರು ಕರೆಯುತ್ತಿದ್ದಾನೆಂದು ಹೇಗೆ ತಿಳಿಯಿತು ಎಂಬುದನ್ನೂ ಅಲ್ಲಿ ನಿವೇದಿಸಬೇಕು. ವ್ಯೂರ್ಟೆಂಬರ್ಗ್ ಸೀಮೆಯ ರೈತರ, ನೇಕಾರರ, ಬಡಗಿಗಳ ಮಕ್ಕಳು ಹೀಗೆ ಬರೆದ ವೃತ್ತಾಂತಗಳು ಬಾಸೆಲಿನ ದಫ್ತರಖಾನೆಯಲ್ಲಿ ಉಳಿದಿವೆ. ಸಮಿತಿ ಅವನ್ನು ಓದಿ ತೀರ್ಪು ಕೊಡುತ್ತಿತ್ತು. ಒಮ್ಮೆ ಸೇರಿದ ಮೇಲೆ ಯಾವ ದೇಶ, ಯಾವ ಠಾಣೆ, ಮದುವೆ ಯಾವಾಗ, ಯಾರೊಡನೆ ಎಂಬುದಕ್ಕೂ ಸಮಿತಿಯ ಒಪ್ಪಿಗೆ ಬೇಕು. ದೇವರ ಕರೆ ಸಮಿತಿಯ ಕಾಗದದ ರೂಪದಲ್ಲಿ ಬರುತ್ತಿತ್ತು ಎಂದರೆ ಅದು ವ್ಯಂಗ್ಯವಲ್ಲ. ಅವರ ನಂಬಿಕೆಯೇ ಹಾಗಿತ್ತು.

ಆ ನಂಬಿಕೆ ಎಲ್ಲರಲ್ಲಿಯೂ ಒಂದೇ ತೆರನಾಗಿ ನಡೆಯಲಿಲ್ಲ. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ಲರಿಗೂ ಸಮಿತಿಗೂ ಸರಿಹೋಗಲಿಲ್ಲ. ಉಪದೇಶಕ್ಕೆಂದು ಕರೆಯಲ್ಪಟ್ಟವರ ಬಾಳು ಗ್ರಂಥಸಂಪಾದನೆಯಲ್ಲಿಯೂ ನಿಘಂಟಿನಲ್ಲಿಯೂ ಸವೆಯಿತು. ಅವರು ಪರಿಷ್ಕರಿಸಿದ ಕೇಶಿರಾಜನ ಶಬ್ದಮಣಿದರ್ಪಣವೂ ನಾಗವರ್ಮನ ಛಂದೋಂಬುಧಿಯೂ 1870ರ ದಶಕದಲ್ಲಿ ಪ್ರಕಟವಾದವು, 1894ರಲ್ಲಿ ನಿಘಂಟು ಹೊರಬಂತು. ಎಷ್ಟು ಮಂದಿಯನ್ನು ಸಭೆಗೆ ಸೇರಿಸಿದರು ಎಂದು ಅಳೆದರೆ ಕಿಟೆಲ್ ಗೆದ್ದ ಮಿಷನರಿಯಲ್ಲ. ಆದರೆ ಕನ್ನಡ ವ್ಯಾಕರಣದ ವಿದ್ಯಾರ್ಥಿ ಆ ಅಳತೆಗೋಲನ್ನು ಹಿಡಿಯಲಾರ. ಜೈನ ಕೇಶಿರಾಜನ ಸೂತ್ರಗಳ ಎದುರು ವರ್ಷಗಟ್ಟಲೆ ಕುಳಿತದ್ದೇ ಅವರು ಕರೆಗೆ ಕೊಟ್ಟ ಉತ್ತರವೆಂದು ಹೇಳುವುದರಲ್ಲಿ ತಪ್ಪಿಲ್ಲ.

ಬಳ್ಳಾರಿಯನ್ನೂ ಮಂಗಳೂರನ್ನೂ ಜೋಡಿಸಿದ್ದು ಒಂದು ಪತ್ರಿಕೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಅದೇ 1844ರ ಜನವರಿ 6ರಂದು ಮೋಗ್ಲಿಂಗ್ ಮಂಗಳೂರಿನಲ್ಲಿ ತಮ್ಮ ಶಾಲೆಯ ಮೂವರು ಬ್ರಾಹ್ಮಣ ತರುಣರಿಗೆ ದೀಕ್ಷಾಸ್ನಾನ ಕೊಟ್ಟಿದ್ದರು. ಅವರಲ್ಲೊಬ್ಬರು ಆನಂದರಾವ್ ಕೌಂಡಿನ್ಯ. ಹುಟ್ಟಿದ್ದು 1825ರಲ್ಲಿ, ಸಾರಸ್ವತ ಮನೆತನದಲ್ಲಿ. ಆಗಿನ್ನೂ ಹದಿನೆಂಟರ ಹರೆಯ. ಊರು ಕುದಿಯಿತು. ಗುರುವಿನ ಹೆಸರನ್ನೇ ಮುಂದಿಟ್ಟುಕೊಂಡು ಅವರು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಇರುಗಪ್ಪನ ಶಾಸನವನ್ನು ಓದಿದವರಿಗೆ ಈ ನಾಮಕರಣ ಅಪರಿಚಿತವೆನಿಸದು: ದೇವರು ಕರೆದನೆಂದು ನಂಬಿದವರೂ ಗುರುವಿನ ಹೆಸರನ್ನು ಧರಿಸಿದರು. 1846ರಲ್ಲಿ ಬಾಸೆಲಿಗೆ ಹೋಗಿ ಐದು ವರ್ಷ ಓದಿ, 1851ರಲ್ಲಿ ಬೋಧಕದೀಕ್ಷೆ ಪಡೆದು ಮರಳಿದರು. ಬಾಸೆಲ್ ಮಿಷನ್ನಿನ ಬೋಧಕದೀಕ್ಷೆ ಪಡೆದ ಮೊದಲ ಭಾರತೀಯರು ಅವರೇ. ತಮ್ಮ ಬಾಳಿನ ಕಥೆಯನ್ನು ಜರ್ಮನ್ ಭಾಷೆಯಲ್ಲಿ ಅವರೇ ಹೇಳಿದ್ದು ಬಾಸೆಲಿನಲ್ಲಿ ಪುಸ್ತಕವಾಗಿ ಅಚ್ಚಾಯಿತು.

ಆದರೆ ಆನಂದರಾಯರಿಗೆ ಮದುವೆಯಾಗಿತ್ತು. ಮಡದಿಯ ಹೆಸರು ಲಕ್ಷ್ಮಿ. ಗಂಡ ಕೇಳಿದ ಕರೆಯನ್ನು ಆಕೆ ಕೇಳಲಿಲ್ಲ. ಅವರು ಯುರೋಪಿನಿಂದ ಮರಳಿ ಬಂದ ಮೇಲೂ ಜೊತೆಗೆ ಬಾಳಲು ಬರಲಿಲ್ಲ.

ಕರೆಯ ಚರಿತ್ರೆಯನ್ನು ಬರೆಯುವವರು ಇಲ್ಲಿ ನಿಲ್ಲಬೇಕು. ಆನಂದರಾಯರ ಕಡೆಯಿಂದ ಅವರ ಆತ್ಮವೃತ್ತಾಂತವಿದೆ, ಮೋಗ್ಲಿಂಗರ ಬರಹಗಳಿವೆ, ಮಿಷನ್ನಿನ ವರದಿಗಳಿವೆ. ಲಕ್ಷ್ಮಿಯಿಂದ ‘ನಿನ್ನ ಬಾಳಿನ ವೃತ್ತಾಂತವನ್ನು ಬರೆದುಕೊಡು’ ಎಂದು ಕೇಳಿದ ಸಮಿತಿ ಯಾವುದೂ ಇರಲಿಲ್ಲ. ಮಿಷನ್ನಿನ ಕಥನದಲ್ಲಿ ಆಕೆ ಗಂಡನ ದಾರಿಗೆ ಎದುರಾದ ಒಂದು ಅಡಚಣೆ. ಊರಿನವರ ಕಥನದಲ್ಲಿ ಕೈಬಿಟ್ಟುಹೋದ ಹೆಣ್ಣು. ಆಕೆಯ ನಿರಾಕರಣೆಯೂ ಒಂದು ನಿಷ್ಠೆಯಾಗಿದ್ದಿರಬಹುದು ಎಂಬುದನ್ನು ಎರಡೂ ಪಕ್ಷಗಳು ಗಣಿಸಲಿಲ್ಲ. ಪೌಲನ ಕರೆಯ ಪ್ರಸಂಗದಲ್ಲಿಯೂ ಇಂಥದೇ ಒಂದು ಬಿರುಕಿದೆ. ದಮಸ್ಕದ ದಾರಿಯಲ್ಲಿ ಅವನ ಜೊತೆಗಿದ್ದವರಿಗೆ ದನಿ ಕೇಳಿಸಿತು, ಯಾರೂ ಕಾಣಲಿಲ್ಲ ಎಂದು ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯ ಹೇಳಿದರೆ, ಬೆಳಕು ಕಂಡಿತು, ದನಿ ಕೇಳಿಸಲಿಲ್ಲ ಎಂದು ಇಪ್ಪತ್ತೆರಡನೆಯ ಅಧ್ಯಾಯ ಹೇಳುತ್ತದೆ. ವ್ಯಾಖ್ಯಾನಕಾರರು ಇದಕ್ಕೆ ಸಮಾಧಾನಗಳನ್ನು ಹೇಳಿದ್ದಾರೆ. ಕರೆಸಿಕೊಂಡವನ ಪಕ್ಕದಲ್ಲಿದ್ದವರ ಅನುಭವವನ್ನು ಮಾತ್ರ ಮೂಲಗ್ರಂಥವೇ ಖಚಿತವಾಗಿ ಹಿಡಿದಿಲ್ಲ.

ಜೈನ ಸಾಹಿತ್ಯ ಬಲ್ಲವರಿಗೆ ಇಲ್ಲಿ ನೇಮಿನಾಥನೂ ರಾಜಿಮತಿಯೂ ನೆನಪಾಗದಿರರು. ಮದುವೆಯ ದಿಬ್ಬಣ ಹೊರಟಿದೆ, ಔತಣಕ್ಕೆಂದು ಕೂಡಿಹಾಕಿದ ಮಿಗಗಳ ಅರಚಾಟ ವರನ ಕಿವಿಗೆ ಬೀಳುತ್ತದೆ, ರಥ ತಿರುಗುತ್ತದೆ. ಕರ್ಣಪಾರ್ಯನ ನೇಮಿನಾಥಪುರಾಣದ ಮೂಲಕ ಕನ್ನಡಕ್ಕೆ ಪರಿಚಿತವಾದ ವಸ್ತುವಿದು. ನೇಮಿಯನ್ನು ತಿರುಗಿಸಿದ್ದು ದೇವರ ದನಿಯಲ್ಲ, ಪ್ರಾಣಿಗಳ ದನಿ. ಪಂಪನ ಆದಿನಾಥನಿಗೂ ಹಾಗೆಯೇ: ನೀಲಾಂಜನೆ ನಾಟ್ಯದ ನಡುವೆ ಮಾಯವಾದದ್ದನ್ನು ಕಂಡು ವೈರಾಗ್ಯ ಹುಟ್ಟುತ್ತದೆ, ಲೌಕಾಂತಿಕ ದೇವರು ಬಂದು ಆ ವೈರಾಗ್ಯವನ್ನು ಅನುಮೋದಿಸುತ್ತಾರೆ. ದೇವತೆಗಳ ಪಾಲಿಗೆ ಉಳಿದದ್ದು ಅನುಮೋದನೆ ಮಾತ್ರ. ಅರಿವು ತನ್ನೊಳಗಿನಿಂದಲೇ ಬರಬೇಕು. ತಾನಾಗಿ ಅರಿತವನು ಪ್ರತ್ಯೇಕಬುದ್ಧ, ಪರರ ಬೋಧೆಯಿಂದ ಅರಿತವನು ಬೋಧಿತಬುದ್ಧ ಎಂಬ ವಿಭಾಗವನ್ನು ತತ್ತ್ವಾರ್ಥಸೂತ್ರ ಬಲ್ಲುದು. ಕರೆಯಲ್ಪಟ್ಟವನು ಎಂಬ ಮೂರನೆಯ ವರ್ಗ ಅಲ್ಲಿಲ್ಲ. ಕ್ರೈಸ್ತನಿಗೆ ಇದು ಒಂಟಿತನವಾಗಿ ಕಂಡೀತು. ಅವನ ದೃಷ್ಟಿಯಲ್ಲಿ ಕರೆಯ ಬೆಲೆಯಿರುವುದೇ ತಾನು ಹುಡುಕುವ ಮೊದಲೇ ತನ್ನನ್ನು ಇನ್ನೊಬ್ಬನು ಹುಡುಕಿದನೆಂಬುದರಲ್ಲಿ, ತನ್ನ ಯೋಗ್ಯತೆ ಅಲ್ಲಿ ಲೆಕ್ಕಕ್ಕೆ ಬರಲಿಲ್ಲವೆಂಬುದರಲ್ಲಿ. ಎರಡು ಧರ್ಮಗಳ ನಡುವಣ ಈ ಅಂತರವನ್ನು ಸೌಜನ್ಯಕ್ಕಾಗಿ ಮುಚ್ಚಬೇಕಾದದ್ದಿಲ್ಲ.

ಉಳಿದವರ ಪ್ರಶ್ನೆ ಮಾತ್ರ ಎರಡೂ ಕಡೆಗೆ ಸಮಾನ. ರಾಜಿಮತಿ ನೇಮಿಯ ದಾರಿಯನ್ನೇ ಹಿಡಿದು ಆರ್ಯಿಕೆಯಾದಳು. ಕವಿಗಳಿಗೆ ಇದರಿಂದ ಅನುಕೂಲವಾಯಿತು. ರಾಜಿಮತಿ ಒಪ್ಪದೆ ಮನೆಯಲ್ಲಿಯೇ ಉಳಿದಿದ್ದರೆ ಪುರಾಣ ಆಕೆಯನ್ನು ಏನು ಮಾಡುತ್ತಿತ್ತು? ಕುಂದಕುಂದಾಚಾರ್ಯರು ಈ ಪ್ರಶ್ನೆಯನ್ನು ಮುಂಗಂಡಂತಿದೆ. ಪ್ರವಚನಸಾರದ ಚಾರಿತ್ರಾಧಿಕಾರದಲ್ಲಿ, ಶ್ರಮಣನಾಗಬಯಸುವವನು ನೆಂಟರನ್ನು ಕೇಳಿ, ಹಿರಿಯರಿಂದಲೂ ಹೆಂಡತಿ ಮಕ್ಕಳಿಂದಲೂ ಬೀಳ್ಕೊಡಿಸಿಕೊಂಡ ಮೇಲೆ ಆಚಾರ್ಯನ ಬಳಿಗೆ ಹೋಗಬೇಕೆಂಬ ವಿಧಿಯಿದೆ. ಅನುಮತಿ ಸಿಗದಿದ್ದರೆ ದೀಕ್ಷೆಯೇ ಇಲ್ಲವೇ ಎಂಬುದನ್ನು ಟೀಕಾಕಾರರು ಚರ್ಚಿಸುತ್ತಾರೆ. ವಿರಾಗ ಬಲಿತವನಿಗೆ ಅದು ತಡೆಯಾಗದೆಂದು ವಿನಾಯಿತಿಯನ್ನೂ ಕೊಡುತ್ತಾರೆ. ಹಾಗಿದ್ದೂ ಕೇಳಬೇಕೆಂಬ ವಿಧಿ ಮೂಲದಲ್ಲಿ ನಿಂತಿದೆ. ಬಾಸೆಲಿನ ಸಮಿತಿ ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಕರೆಸಿಕೊಂಡವನ ಅಂತರಂಗವನ್ನು ಕುರಿತವು. ಅವನನ್ನು ಕಟ್ಟಿಕೊಂಡವರ ಮಾತಿಗೆ ಅಲ್ಲಿ ಇಂಥ ಗೊತ್ತಾದ ಜಾಗವಿರಲಿಲ್ಲ.

ಆನಂದರಾಯರು 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಕಲಿಸಿದರು, ಕೊಡಗಿನ ಆನಂದಪುರದ ನೆಲೆಯನ್ನು ಬೆಳೆಸಿದರು, ಬೈಬಲ್ಲಿನ ಕನ್ನಡವನ್ನು ತಿದ್ದುವ ಕೆಲಸದಲ್ಲಿ ಕೈಗೂಡಿಸಿದರು; 1893ರಲ್ಲಿ ತೀರಿಕೊಂಡರು. ಹ್ಯಾಂಡ್ಸ್ ಬಳ್ಳಾರಿಯಲ್ಲಿ ಆರಿಸಿದ ಮಾತುಗಳನ್ನು ಮುಂದಿನ ತಲೆಮಾರಿನಲ್ಲಿ ಒರೆಗೆ ಹಚ್ಚಿದವರಲ್ಲಿ ಕರೆಗಾಗಿ ಮನೆ ಬಿಟ್ಟ ಈ ಕನ್ನಡನಾಡಿನವರೂ ಇದ್ದರು.

ಅವರ ಎರಡನೆಯ ಮದುವೆಯಾಗಿ ಆರು ವರ್ಷಗಳ ಮೇಲೆ, 1866ರಲ್ಲಿ, ಮತಾಂತರ ಹೊಂದಿದವರ ವಿವಾಹವಿಚ್ಛೇದನದ ಕಾಯಿದೆ ಬಂತು. ಅದರಂತೆ ಮಡದಿಯು ಮತಾಂತರದ ಕಾರಣದಿಂದ ಬಿಟ್ಟುಹೋದಳೆಂದು ಗಂಡ ಅರ್ಜಿ ಹಾಕಿದರೆ ನ್ಯಾಯಾಧೀಶನು ಆಕೆಯನ್ನು ಕರೆಸಿ ಕೇಳಬೇಕಾಗಿತ್ತು. ಬಾರೆನೆಂದರೆ ಮೊಕದ್ದಮೆಯನ್ನು ಒಂದು ವರ್ಷ ಮುಂದೂಡಬೇಕಾಗಿತ್ತು. ವರ್ಷ ಕಳೆದ ಮೇಲೆ ಮತ್ತೊಮ್ಮೆ ಕೇಳಬೇಕಾಗಿತ್ತು.