ಹಟ್ಟಿಯ ಕಲ್ಲಿನೊಳಗಿನ ಅನಿಲ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಅಲ್ಲಿ ಅಶೋಕನ ಶಾಸನವನ್ನು ಗುರುತಿಸಿದ ಸಿ. ಬೀಡನ್ ಶಾಸನತಜ್ಞರಲ್ಲ, ಚಿನ್ನದ ಗಣಿಯ ಎಂಜಿನಿಯರ್! ಚಿನ್ನದ ಬಂಡೆಯೊಳಗೂ ಒಂದು ದಾಖಲೆಯಿದೆ. ಅದನ್ನು ಬೆಳಕಿನಿಂದ ಓದುವ ದಾರಿ ತೆರೆದದ್ದು 1928ರಲ್ಲಿ, ಸಿ.ವಿ. ರಾಮನ್ನರ ಶೋಧನೆಯಿಂದ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಬಿಸಿನೀರು ಚಿನ್ನವನ್ನು ಹೊತ್ತು ತಂದಿತು. ಅದರ ಹನಿಗಳು ಬೆಣಚುಕಲ್ಲಿನಲ್ಲಿ ಸೆರೆಯಾದವು. ಕೂದಲೆಳೆಗಿಂತ ಸಣ್ಣ ಈ ಹನಿಗಳಲ್ಲಿ ನೀರು, ಇಂಗಾಲದ ಡೈಆಕ್ಸೈಡ್, ಕೆಲವೆಡೆ ಮೀಥೇನ್ ಇರುವುದನ್ನು ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಅಧ್ಯಯನಗಳು ತೋರಿಸಿವೆ.

ಕಲ್ಲಿನ ತೆಳುಬಿಲ್ಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಸೊನ್ನೆಗಿಂತ ಸುಮಾರು 100 ಡಿಗ್ರಿ ಕೆಳಕ್ಕೆ ತಣಿಸಿದರೆ ಇಂಗಾಲದ ಡೈಆಕ್ಸೈಡ್ ಹೆಪ್ಪುಗಟ್ಟುತ್ತದೆ. ಬಳಿಕ ಮೆಲ್ಲನೆ ಬಿಸಿಯೇರಿಸುತ್ತಾರೆ. ಅದು ಶುದ್ಧವಾಗಿದ್ದರೆ ಮೈನಸ್ 56.6 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೆ ಮೊದಲೇ ಕರಗಿತೆಂದರೆ ಬೇರೊಂದು ಅನಿಲ ಬೆರೆತಿದೆ. ಯಾವುದದು? ಲೇಸರ್ ಬೆಳಕು ಹಾಯಿಸಿದಾಗ ರಾಮನ್ ರೋಹಿತದಲ್ಲಿ 2917ರ ತರಂಗಸಂಖ್ಯೆಯ ಬಳಿ ಗೆರೆ ಎದ್ದರೆ, ಅದು ಮೀಥೇನ್.

ಇನ್ನೂ ಬಿಸಿ ಮಾಡಿದರೆ ಹನಿಯೊಳಗಿನ ಅನಿಲವೂ ದ್ರವವೂ ಒಂದಾಗುತ್ತವೆ. ಆ ಉಷ್ಣತೆಯಿಂದ ಸಾಂದ್ರತೆಯನ್ನೂ, ಅದರಿಂದ ಅಂದಿನ ಒತ್ತಡವನ್ನೂ ಲೆಕ್ಕ ಹಾಕಬಹುದು. ಒತ್ತಡ ಕುಸಿದಾಗ ಅನಿಲ ನೀರಿನಿಂದ ಬೇರೆಯಾಗುತ್ತದೆ. ಚಿನ್ನ ಕಲ್ಲಿನಲ್ಲಿ ನೆಲೆಸಲು ಅದೂ ಒಂದು ಕಾರಣ.