ಉಯಿಲಿನ ವಿವಾದ

ಮೃತರು ಬರೆದಿಟ್ಟ ಉಯಿಲಿನ ಸಾಚಾತನವನ್ನು ವಾರಸುದಾರರು ಪ್ರಶ್ನಿಸುವ ಸಿವಿಲ್ ವ್ಯಾಜ್ಯ. ಉಯಿಲಿಗೆ ಮೃತ್ಯುಪತ್ರ, ಮರಣಶಾಸನ ಎಂಬ ಹೆಸರುಗಳೂ ಉಂಟು. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 63ನೇ ಕಲಮಿನಂತೆ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ದೃಢೀಕರಣ ಬೇಕು, ನೋಂದಣಿ ಕಡ್ಡಾಯವಲ್ಲ. ಜಗಳಕ್ಕೆ ಹಲವೊಮ್ಮೆ ದಾರಿಯಾಗುವುದು ಈ ಸಡಿಲಿಕೆಯೇ.

ಇಂಥ ಮೊಕದ್ದಮೆಗಳಲ್ಲಿ ಇಂದಿಗೂ ಉಲ್ಲೇಖವಾಗುವ ತೀರ್ಪು ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ ಮೇಲ್ಮನವಿಯದು: ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ (1958). ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದರು. ದೊಡ್ಡ ಲಾಭ ಅವರ ಮಕ್ಕಳಿಗೇ ಇತ್ತು. ಸಂಶಯ ಹುಟ್ಟಿಸುವ ಸಂದರ್ಭಗಳನ್ನು ನಿವಾರಿಸುವ ಹೊಣೆ ಉಯಿಲು ಹಾಜರುಪಡಿಸಿದವರದೇ ಎಂದ ಸುಪ್ರೀಂ ಕೋರ್ಟು ಆ ಉಯಿಲನ್ನು ಒಪ್ಪಲಿಲ್ಲ. ತೀರ್ಪು ಬರೆದವರು ನ್ಯಾ. ಪಿ.ಬಿ. ಗಜೇಂದ್ರಗಡ್ಕರ್.

ರಾಯಚೂರು ಜಿಲ್ಲೆಯ ಚಂದ್ರಬಂಡ, ದೇವದುರ್ಗ, ಮಾನ್ವಿಯಂಥ ಕೃಷಿ ಪ್ರದೇಶಗಳಲ್ಲಿ ಜಗಳ ಮೊದಲು ಕಾಣಿಸುವುದು ಜಮೀನಿನ ದಾಖಲೆಯಾದ ಪಹಣಿಯಲ್ಲಿ. ಒಬ್ಬ ಮಗ ಉಯಿಲು ಹಿಡಿದು ಖಾತೆ ಬದಲಾವಣೆಗೆ ಅರ್ಜಿ ಕೊಡುತ್ತಾನೆ. ಉಳಿದವರು ತಕರಾರು ಹಾಕುತ್ತಾರೆ. ಉಯಿಲಿನ ಸಾಚಾತನ ತೀರ್ಮಾನಿಸುವುದು ತಹಶೀಲ್ದಾರರ ಕೆಲಸವಲ್ಲ, ಸಿವಿಲ್ ಕೋರ್ಟಿನದು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಸಿದ್ಧವಾಗದು. ಉಯಿಲು ಸಾಚಾ ಆದರೂ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ತಂದೆ ತನ್ನ ಪಾಲನ್ನಷ್ಟೇ ಉಯಿಲು ಮಾಡಬಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು.