ಕರಾವಳಿಯ ಕಲ್ಲುಮಾಡು

ಭಾರತದ ವಾಸ್ತುಚರಿತ್ರೆಯನ್ನು ವ್ಯವಸ್ಥಿತವಾಗಿ ಬರೆಯಲು ಮೊದಲಿಗೆ ತೊಡಗಿದವರಲ್ಲಿ ಅಗ್ರಗಣ್ಯನಾದ ಜೇಮ್ಸ್ ಫರ್ಗುಸನ್ನನು, 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮೂಡಬಿದಿರೆಯ ಬಸದಿಗಳನ್ನು ವರ್ಣಿಸುತ್ತ, ಅವುಗಳ ಇಳಿಜಾರು ಮಾಡುಗಳಿಗೆ ಸಾಟಿಯನ್ನು ನೇಪಾಳದಲ್ಲಿ ಕಂಡನು. ಆ ಸಾದೃಶ್ಯವು ಹುಸಿಯಲ್ಲ. ಮೇಲೇರಿದಂತೆ ಕಿರಿದಾಗುವ ಅಂತಸ್ತುಗಳೂ, ಮುಂಚಾಚಿದ ಸೂರುಗಳೂ, ಮರದ ಕೆಲಸದ ಸಮೃದ್ಧಿಯೂ ಹಿಮಾಲಯದ ತಪ್ಪಲಿನ ದೇಗುಲಗಳನ್ನು ನೆನಪಿಗೆ ತರುವುದುಂಟು. ಆದರೆ ಇಷ್ಟರಿಂದಲೇ ಎರಡು ನಾಡುಗಳ ನಡುವೆ ಪುರಾತನ ಬಾಂಧವ್ಯವೊಂದನ್ನು ಕಲ್ಪಿಸುವ ಅಗತ್ಯ ನನಗೆ ಕಾಣದು. ಕಾಡು ಕೈಗೆಟಕುವಷ್ಟು ಹತ್ತಿರವಿದ್ದು ಮಳೆ ಬಿಡದೆ ಸುರಿಯುವ ಸೀಮೆಗಳಲ್ಲಿ ಬಡಗಿಗಳು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ನಿರ್ಧಾರಕ್ಕೆ ಬರಬಲ್ಲರು.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆ ಬೀಳುವುದು. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಇಂಥಲ್ಲಿ ಮನೆಯೆಂದರೆ ಮೊದಲು ಮಾಡು, ಆಮೇಲೆ ಗೋಡೆ. ನೀರು ಒಂದು ಕ್ಷಣವೂ ನಿಲ್ಲದಂತೆ ಕಡಿದಾಗಿ ಇಳಿಬಿಟ್ಟ ಪಕ್ಕಾಸುಗಳು, ಅವುಗಳ ಮೇಲೆ ಮುಳಿಹುಲ್ಲಿನ ಹೊದಿಕೆ, ಮಣ್ಣಿನ ಗೋಡೆ ನೆನೆಯದಿರಲೆಂದು ಜಗಲಿಯನ್ನೂ ದಾಟಿ ತಗ್ಗಾಗಿ ಬಾಗಿದ ಸೂರು. ಅಷ್ಟಾದರೂ ಪಡುವಣ ಗಾಳಿಯೊಡನೆ ಅಡ್ಡಲಾಗಿ ನುಗ್ಗುವ ಇರಿಚಲನ್ನು ತಡೆಯಲು ಸೂರಿನಂಚಿಗೆ ಕಟ್ಟುವ ಸೋಗೆಯ ತಟ್ಟಿ. ಈ ಮನೆಯೇ, ತನ್ನ ಒಂದೊಂದು ಅಂಗವನ್ನೂ ಉಳಿಸಿಕೊಂಡು, ದೇವಾಲಯವಾಗುವಾಗ ಕಲ್ಲಿಗೆ ಏರಿತೆಂಬುದು ನನ್ನ ನಂಬಿಕೆ.

ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಖೇತಪೈ ನಾರಾಯಣ ದೇವಾಲಯದ ಮುಂದೆ ನಿಂತವರಿಗೆ ಈ ನಂಬಿಕೆಗೆ ಆಧಾರ ಕೇಳಬೇಕೆನಿಸದು. ಮಾಡು ಇಳಿಜಾರಾದ ಕಲ್ಲುಚಪ್ಪಡಿಗಳದ್ದು. ಸುತ್ತಲೂ ಗಿಡ್ಡಗಂಬಗಳ ನಡುವೆ ಕಲ್ಲಿನ ಪಟ್ಟಿಗಳನ್ನು ಸಂದುಬಿಟ್ಟು ಜೋಡಿಸಿದ ಜಾಲಂಧ್ರ. ಬೆಳಕು ಸೀಳುಸೀಳಾಗಿ ಒಳಬರುವುದು, ಗಾಳಿ ಆಡುವುದು, ಇರಿಚಲು ಮಾತ್ರ ಹೊರಗೇ ಉಳಿಯುವುದು. ಶಿಲ್ಪಿಯು ಇಲ್ಲಿ ತಟ್ಟಿಯನ್ನು ಅನುಕರಿಸಿದನೆಂದರೆ ಅರ್ಧ ಹೇಳಿದಂತಾಯಿತು. ವರ್ಷವರ್ಷವೂ ಕಟ್ಟಿ ಬಿಚ್ಚಬೇಕಾಗಿದ್ದ ತಟ್ಟಿಯನ್ನು ಅವನು ಶತಮಾನಗಳಿಗೆ ಸಾಲುವಂತೆ ಒಂದೇ ಸಲ ಕಟ್ಟಿ ಮುಗಿಸಿದನು.

1430ರ ಸುಮಾರಿಗೆ, ವಿಜಯನಗರದ ಎರಡನೆಯ ದೇವರಾಯನ ಆಳಿಕೆಯಲ್ಲಿ ನಿರ್ಮಿತವಾದ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿಯಾದರೋ, ನೆಲದ ಅಂತಸ್ತು ಕಲ್ಲಿನದು, ಮೇಲಿನವು ಮರದವು, ಹೊದಿಕೆ ತಾಮ್ರದ್ದು. ನೆಲದ ತೇವ, ಗೆದ್ದಲು, ಸೂರಿನ ನೀರು ಬಡಿದು ಚಿಮ್ಮುವ ಕೆಸರು ಇವುಗಳನ್ನು ಕಲ್ಲು ಎದುರಿಸಲಿ, ಭಾರ ಕಡಿಮೆಯಾಗಬೇಕಾದ ಎತ್ತರದಲ್ಲಿ ಮರವಿರಲಿ ಎಂಬ ವಿವೇಕವೇ ಈ ವಿಭಾಗಕ್ಕೆ ಕಾರಣವಾಗಿರಬೇಕು. ಆದರೆ ಅದೇ ಬಸದಿಯ ಹೊರಸಾಲಿನ ಕಂಬಗಳನ್ನು ಕಂಡಾಗ ಪ್ರಶ್ನೆಯೊಂದು ಏಳುವುದು. ಚೌಕವಾದ ದಿಮ್ಮಿಯ ಅಂಚುಗಳನ್ನು ಬಡಗಿಯು ಬಾಚಿಯಿಂದ ಹೆರೆದು ಎಂಟು ಮೂಲೆಯದಾಗಿ ಮಾಡುವಂತೆಯೇ ಕಲ್ಲನ್ನೂ ಕಡೆದಿರುವರು. ಮರದಲ್ಲಿ ಆ ಕೆಲಸ ಸಹಜವಾದುದು. ಕಲ್ಲಿಗೆ ಅದರಿಂದ ಬಲವೂ ಹೆಚ್ಚದು, ಮಳೆಯೂ ತಪ್ಪದು. ಮಾಡು ಪ್ರಯೋಜನದಿಂದ ಉಳಿಯಿತು, ಕಂಬ ಸ್ಮೃತಿಯಿಂದ ಉಳಿಯಿತು.

ಕಟ್ಟಡದ ಆಕೃತಿಯು ಅದರ ಉಪಯೋಗದಿಂದಲೇ ಹುಟ್ಟತಕ್ಕದ್ದೆಂದು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಸಲಿವನ್ 1896ರಲ್ಲಿ ಸಾರಿದುದು ಜಗತ್ಪ್ರಸಿದ್ಧವಾಗಿದೆ. ಆ ತತ್ತ್ವಕ್ಕೆ ನಾನು ವಿರೋಧಿಯಲ್ಲ. ಆದರೆ ಹುಟ್ಟಿಸಿದ ಉಪಯೋಗ ತೀರಿದ ಮೇಲೆಯೂ ಆಕೃತಿ ಬದುಕುವುದುಂಟು, ಬದುಕಿ ಬೇರೆ ಉಪಯೋಗವನ್ನು ಸಂಪಾದಿಸುವುದೂ ಉಂಟು. ಐಹೊಳೆಯ ಲಾಡಖಾನ್ ಗುಡಿಯನ್ನೇ ನೋಡಬಹುದು. ವರ್ಷಕ್ಕೆ 25 ಅಂಗುಲ ಮಳೆಯನ್ನೂ ಸರಿಯಾಗಿ ಕಾಣದ ಆ ಬಯಲುಸೀಮೆಯಲ್ಲಿ ಚಾಲುಕ್ಯರ ಶಿಲ್ಪಿಗಳು ಇಳಿಜಾರು ಚಪ್ಪಡಿಗಳನ್ನು ಹಾಸಿ, ಎರಡು ಚಪ್ಪಡಿಗಳು ಕೂಡುವಲ್ಲೆಲ್ಲ ಮರದ ಕೊರಡಿನಂತೆ ತೋರುವ ಉದ್ದನೆಯ ಕಲ್ಲನ್ನು ಮೇಲಿಟ್ಟರು. ನೋಟಕ್ಕೆ ಅದು ಮರಗೆಲಸದ ನೆನಪು; ಆದರೆ ಸಂದಿಯೊಳಗೆ ನೀರಿಳಿಯದಂತೆ ಕಾಯುತ್ತಿರುವುದೂ ಆ ಕೊರಡೇ. ಉಪಯೋಗವೆಂದರೆ ಮಳೆಯೊಂದೇ ಅಲ್ಲವೆಂಬುದನ್ನೂ ಮರೆಯಲಾಗದು: 1586ರಲ್ಲಿ ಇಮ್ಮಡಿ ಭೈರರಸನು ಕಾರ್ಕಳದಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲಿಟ್ಟುದು ದರ್ಶನಕ್ಕಾಗಿ.

ಸಂದಿಯ ಈ ಪ್ರಶ್ನೆಗೆ ಕರಾವಳಿಯಲ್ಲಿ ಸಾಮಾನ್ಯನ ಮನೆಗೂ ನಿಲುಕುವ ಉತ್ತರ ದೊರೆತುದು 1865ರಲ್ಲಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಯಂತ್ರದಿಂದ ಒತ್ತಿ ತೆಗೆಯುವ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಒಂದು ಹೆಂಚನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಅಂಚುಗಳಲ್ಲಿ ಕೊರೆದ ಕಾಲುವೆಯೂ ಎದ್ದ ದಿಂಡೂ ಕಾಣುವುವು. ಪಕ್ಕದ ಹೆಂಚಿನ ದಿಂಡು ಇದರ ಕಾಲುವೆಯಲ್ಲಿ ಕೂರುವುದು, ಹಿಂಬದಿಯ ಮೊಟಕು ರೀಪಿಗೆ ಸಿಕ್ಕಿ ಹೆಂಚು ಜಾರದೆ ನಿಲ್ಲುವುದು. ಐಹೊಳೆಯಲ್ಲಿ ಬೇರೆ ಕಲ್ಲೊಂದನ್ನು ಹೇರಿ ಮುಚ್ಚಬೇಕಾದ ಸಂದು ಇಲ್ಲಿ ಹೆಂಚಿನ ಮೈಯಲ್ಲೇ ಮುಚ್ಚಿಕೊಂಡಿತು. ಹುಲ್ಲನ್ನು ಪದೇಪದೇ ಹೊದಿಸುವ ಕಷ್ಟವೂ ಬೆಂಕಿಯ ಭಯವೂ ತಪ್ಪಿದುವು. ಮಾಡಿನ ಇಳಿಜಾರು ಮಾತ್ರ ತಪ್ಪಲಿಲ್ಲ.

ಈಚಿನ ದಶಕಗಳಲ್ಲಿ ಸಿಮೆಂಟಿನ ಸಮತಟ್ಟಾದ ತಾರಸಿಯು ಈ ಸೀಮೆಗೂ ಬಂದಿದೆ, ಬಯಲುಸೀಮೆಯ ನಗರಗಳಿಂದ ಎತ್ತಿ ತಂದಂತೆ. ಕೆಲವು ಮಳೆಗಾಲ ಕಳೆದು ಛಾವಣಿ ಸೋರತೊಡಗಿದ ಮೇಲೆ ಮನೆಯೊಡೆಯರು ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ತಗಡನ್ನೋ ಹಳೆಯ ಹೆಂಚನ್ನೋ ಹೊದಿಸಿ, ಎರಡೂ ಕಡೆಗೆ ಇಳಿಬಿಟ್ಟು, ನಡುವೆ ಉಳಿದ ಜಾಗದಲ್ಲಿ ಅಡಿಕೆಯನ್ನೂ ಬಟ್ಟೆಯನ್ನೂ ಒಣಗಿಸುತ್ತಿದ್ದಾರೆ.